ಏಳನೇ ಕಾಲಂ

ಅರ್ಜಿಯಲ್ಲಿ ಏಳನೇ ಕಾಲಂ: ಅನುಭವ.
ಆರರವರೆಗೆ ಪೆನ್ನು ನಿಲ್ಲದೆ ಓಡಿತ್ತು.
ಜಗದೇವಿ, ತಂದೆ ದಿವಂಗತ, ಊರು ಭೀಮೆಯ ದಂಡೆ,
ಎಂ.ಎ. ಪುರಾತತ್ವ, ಮೊದಲ ದರ್ಜೆ,
ಬಲ್ಲ ಭಾಷೆ ಕನ್ನಡ, ಹಿಂದಿ,
ಓದಿದರೆ ತಿಳಿಯುವಷ್ಟು ಬ್ರಾಹ್ಮಿ ಲಿಪಿ.

ಝೆರಾಕ್ಸ್ ಅಂಗಡಿಯವ ಅದನ್ನು ನೋಡಿ
"ಬ್ರಾಹ್ಮಿ ಯಾ ಕಡಿ ಮಾತಾಡ್ತಾರಕ್ಕಾ?" ಅಂದ.
"ಈಗ ಯಾರೂ ಬರಿಯಂಗೂ ಇಲ್ಲ."
"ಮತ್ತ ಕೆಲಸ ಹ್ಯಾಂಗ ಸಿಗ್ತದ?"
ಎರಡು ರೂಪಾಯಿ ಚಿಲ್ಲರೆಗೆ ಚಾಕಲೇಟು ಕೊಟ್ಟ.

ಹುದ್ದೆ ಎರಡು. ಹನ್ನೊಂದು ತಿಂಗಳ ಗುತ್ತಿಗೆ.
ಮ್ಯೂಸಿಯಂ ಸರ್ಕಾರದ್ದು, ಕೆಲಸ ಏಜೆನ್ಸಿಯದ್ದು,
ಏಜೆನ್ಸಿಯ ಬೋರ್ಡಿನ ಮೇಲೆ
ಸೆಕ್ಯುರಿಟಿ ಗಾರ್ಡು, ಹೌಸ್‌ಕೀಪಿಂಗು, ಪ್ರಾಚ್ಯವಸ್ತು ಸಹಾಯಕ
ಒಂದೇ ಬಣ್ಣದಲ್ಲಿ.
ಕಲಬುರಗಿಯ ಸ್ಟೇಷನ್ ರೋಡು, ಎರಡನೇ ಮಹಡಿ,
ಶಹಾಬಾದ್ ಕಲ್ಲಿನ ಮೆಟ್ಟಿಲ ತುಂಬ ನಲವತ್ತಮೂರು ಮಂದಿ.

ನನ್ನ ಮೇಲಿನ ಮೆಟ್ಟಿಲಲ್ಲಿ ಬೀದರಿನ ಮುದಸ್ಸಿರ್.
ಅವನ ಅಪ್ಪ ಬಿದರಿ ಹೂಜಿಗೆ ಬೆಳ್ಳಿ ತಂತಿ ಕೂರಿಸುವವರು,
ಕೋಟೆಯ ಮಣ್ಣು ಚೂರು ನಾಲಿಗೆಗೆ ಹಚ್ಚಿ
ಇದು ಕಪ್ಪು ಹಿಡಿಯುತ್ತದೆ, ಇದು ಇಲ್ಲ ಅನ್ನುವವರು.
"ಅಬ್ಬಾನ ನಾಲಿಗಿಗಿ ಸರ್ಟಿಫಿಕೇಟ್ ಇರಲಿಲ್ಲ ನೋಡ್ರಿ,
ಅದಕ್ಕ ನಾ ಡಿಪ್ಲೊಮಾ ಮಾಡಿದೆ.
ಈಗ ಸರ್ಟಿಫಿಕೇಟ್ ಅದ, ನಾಲಿಗಿ ಇಲ್ಲ."
ನಕ್ಕ. ಸೂಸಲಾ ಪೊಟ್ಟಣ ಬಿಚ್ಚಿ ನನ್ನತ್ತ ಹಿಡಿದ,
ಮಿರ್ಚಿ ಮಾತ್ರ ತನಗೇ ಇಟ್ಟುಕೊಂಡ.

ಒಳಗೆ ಮೂವರು.
ಒಬ್ಬರಿಗೆ ನಿದ್ದೆ, ಒಬ್ಬರಿಗೆ ಫೋನು,
ಮೂರನೆಯವರು ಕನ್ನಡಕದ ಮೇಲಿಂದ ನೋಡಿ
"ಏಳನೇ ಕಾಲಂ ಯಾಕ ಖಾಲಿ ಬಿಟ್ಟೀರಿ?"

ಯಾಕೆಂದರೆ ಸರ್,
ನಾನು ಹುಟ್ಟುವ ಮೊದಲು ನಮ್ಮೂರ ದಿಬ್ಬ ಅಗೆದರು.
ನಮ್ಮವ್ವ ರುಕ್ಮಾಬಾಯಿ ದಿನಗೂಲಿಗೆ ಹೋದಳು, ಬುಟ್ಟಿ ಹೊರಲು.
ಏಳು ತಿಂಗಳು ತುಂಬಿದಾಗ ಬುಟ್ಟಿ ಬೇಡವೆಂದು
ಕೈಗೆ ಬ್ರಶ್ಶು ಕೊಟ್ಟು ಕೂರಿಸಿದರು.
ಹಾಗೆ ಮಣ್ಣು ಒರೆಸುತ್ತಿದ್ದ ಒಂದು ಇಳಿಹೊತ್ತು
ಕಿವಿ ಕಂಡಿತು. ಕಲ್ಲಿನ ಕಿವಿ, ಓಲೆ ಹಾಕಿದ್ದು.
ಅವ್ವ ಕೂಗಲಿಲ್ಲ.
ಸೆರಗಿನ ತುದಿ ಹುರಿಮಾಡಿ ಒಳಗಿನ ಮಣ್ಣು ತೆಗೆದಳು,
ಎರೆದ ಮೇಲೆ ಕೂಸಿನ ಕಿವಿಯ ನೀರು ತೆಗೆಯುವಂತೆ,
ಆಮೇಲೆ ಸಾಹೇಬರನ್ನು ಕರೆದಳು.
ಅವರು ಅಳೆದರು, ಫೋಟೊ ತೆಗೆದರು, ನಂಬರು ಬರೆದರು.
ಅವ್ವ ಹೆಬ್ಬೆಟ್ಟೊತ್ತಿ ಕೂಲಿ ಎಣಿಸಿಕೊಂಡಳು.
ಕಲ್ಲು ಬರೋದು ಕೈಗಿ ಮೊದಲು ತಿಳೀತದ, ಕಣ್ಣಿಗಿ ಆಮ್ಯಾಲ,
ಅನ್ನುತ್ತಾಳೆ ಈಗಲೂ, ಅಕ್ಕಿ ಆರಿಸುವಾಗ.
ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ ಈ ಪಾಠ.

ಇದನ್ನೆಲ್ಲ ಹೇಳಲಿಲ್ಲ.
"ಹೊಟ್ಟೆಯೊಳಗಿದ್ದಾಗ ಎರಡು ತಿಂಗಳು, ಸರ್" ಅಂದೆ.
ನಿದ್ದೆಯವರಿಗೆ ಎಚ್ಚರವಾಯಿತು.

ಇಪ್ಪತ್ತು ದಿನ ಬಿಟ್ಟು ಏಜೆನ್ಸಿಯ ಫೋನು.
ಸಿಕ್ಕಿದೆ. ಆದರೆ ಮೊದಲ ತಿಂಗಳ ಪಗಾರ
ನಮ್ಮ ಕಡಿ ಇರ್ತದ ಮೇಡಂ, ಎಲ್ಲಾರೂ ಕೊಡ್ತಾರ.
ಮುದಸ್ಸಿರನ ನಂಬರಿಗೆ ಹಚ್ಚಿದೆ, ಎತ್ತಲಿಲ್ಲ.

ಅವ್ವನಿಗೆ ಹೇಳಿದೆ. ತೊಗರಿಬೇಳೆ ಕುದಿಯುತ್ತಿತ್ತು.
"ಆಗ ಮೇಸ್ತ್ರಿನೂ ವಾರಕ್ಕ ಒಂದ್ ದಿನದ ಕೂಲಿ ಹಿಡೀತಿದ್ದ" ಅಂದಳು,
ನೆನಪಾಗಿ ಖುಷಿಯಾದವಳಂತೆ.
ಪರಂಪರೆ ಎಂದರೆ ಇದೂ ಇರಬೇಕು.
"ಕುಂದ್ರಾಕ ಕುರ್ಚಿ ಕೊಡ್ತಾರಾ?"
ಗೊತ್ತಿಲ್ಲ ಅಂದೆ.
"ಹೋಗ್ತೀಯಾ?"
ಅದೂ ಗೊತ್ತಿಲ್ಲ.

ಬೇಳೆ ಮಗುಚಿ, ನೊರೆ ತೆಗೆದು,
ಸೌಟಿನ ಹಿಡಿಕೆ ಒರೆಸುತ್ತ ಮೆಲ್ಲಗೆ ಅಂದಳು:
"ಹೋದ್ರ ಆ ಕಿವಿ ಯಾ ಕಪಾಟಿನ್ಯಾಗ ಅದ ನೋಡು.
ಓಲಿ ಸಂದ್ಯಾಗ ಚೂರು ಮಣ್ಣು ಉಳದಿತ್ತು.
ಕತ್ತಲಾಗಿತ್ತು ಅವತ್ತ."