ಡೆಂಜಿ ಒಂದು, ಬಾಕಿ

ಕೊಳೆತ ಡೆಂಜಿ ಉಂಟಾ ಅಕ್ಕ, ಎಂದು ಕೇಳಿದಳು.
ಮೂವತ್ತು ವರ್ಷ ಮೀನು ಹೊತ್ತಿದ್ದೇನೆ
ಮಲ್ಪೆಯ ದಕ್ಕೆಯಿಂದ ಕೊಡವೂರು, ಕಲ್ಮಾಡಿಯ ಗೇಟುಗಳಿಗೆ;
ಕಿವಿರು ಬಿಡಿಸಿ ನೋಡಿದವರು, ಮೂಸಿ ನೋಡಿದವರು,
ತಾಜಾ ಅಲ್ಲವೆಂದು ಹತ್ತು ರೂಪಾಯಿ ಮುರಿದವರು.
ಕೊಳೆತದ್ದೇ ಬೇಕು ಎಂದವಳು ಇವಳೊಬ್ಬಳೇ,
ಹೂಡೆಯ ಸಫ್ರೀನಾ. ಕೈಯಲ್ಲೊಂದು ನೋಟ್‌ಬುಕ್ಕು,
ಚಪ್ಪಲಿ ತುಂಬ ಕೆಸರು.

ಚಿಟ್ಟೆಗೆ, ಅಂದಳು.
ನಮ್ಮಲ್ಲಿ ಚಿಟ್ಟೆ ಎಂದರೆ ಜಗಲಿಯಂಚಿನ ಕಟ್ಟೆ,
ಬುಟ್ಟಿ ಇಳಿಸಿ ಉಸಿರು ಬಿಡುವ ಜಾಗ.
ಕಟ್ಟೆಗೆ ಯಾಕೆ ಮಾರಾಯ್ತಿ ಡೆಂಜಿ?
ನಕ್ಕಳು. ಕಾಗದದಲ್ಲಿ ಎರಡು ರೆಕ್ಕೆ ಗೀಚಿದಳು.
ಅದು ಹೂವಿಗೆ ಹೋಗುವುದಲ್ಲವಾ?
ಎಲ್ಲವೂ ಅಲ್ಲ.

ಕೊಟ್ಟೆ. ಎರಡು ದಿನ ಹಳತು, ಕಾಲು ಮುರಿದದ್ದು.
ಹುಣಸೆಮರದ ಬುಡದ ಕಲ್ಲಿನ ಮೇಲಿಟ್ಟು ಕಾದೆವು.
ನೊಣ ಬಂತು. ಇರುವೆ ಬಂತು. ಬೆಕ್ಕನ್ನು ನಾನೇ ಓಡಿಸಿದೆ.
ಹನ್ನೊಂದರ ಬಿಸಿಲಿಗೆ
ಯಾರೋ ಮೇಲಿನಿಂದ ಎಸೆದ ಹಾಗೆ ಬಿದ್ದ:
ಕಪ್ಪು ಕೋಟು, ನಡುವೆ ಹಾಲುಬಿಳಿ ಪಟ್ಟಿ,
ಹಿಂದೆ ಎರಡೆರಡು ಬಾಲ.
ಕಪ್ಪು ರಾಜ, ಎಂದಳು ಉಸಿರಿನಲ್ಲೇ.
ರಾಜ ಸುರುಳಿ ನಾಲಿಗೆ ಬಿಚ್ಚಿ
ಡೆಂಜಿಯ ಸಂದಿಗೆ ಊರಿದವನು ಎಬ್ಬಿಸಿದರೂ ಏಳಲಿಲ್ಲ,
ಶನಿವಾರ ಸಂಜೆ ಗಡಂಗಿನ ಬೆಂಚಿಗೆ ಅಂಟಿದವರ ಹಾಗೆ.

ಹುಳವಾಗಿದ್ದಾಗ ತಿಂದದ್ದು ಇದೇ ಹುಣಸೆಯ ಎಲೆಯಂತೆ.
ಹುಣಸೆ ಆಯಿತು, ಡೆಂಜಿಯೂ ಆಯಿತು,
ಇನ್ನು ಮೆಣಸು ಅರೆದರೆ ಗಸಿಯೇ, ಅಂದೆ.

ಬುಟ್ಟಿ ಖಾಲಿಯಾದ ದಿನ ಅವಳ ಹಿಂದೆ ನಾನೂ ಹೊರಟೆ.
ಲಿಂಬೆಯೆಲೆಯ ಮೇಲೆ ಹಕ್ಕಿಹಿಕ್ಕೆ ಕಂಡು ಒರೆಸಹೋದರೆ
ಹಿಕ್ಕೆ ತಲೆಯೆತ್ತಿ ಕೊಂಬು ತೋರಿಸಿತು.
ಆಟಿಯಲ್ಲಿ ನಾವು ಪಲ್ಯಕ್ಕೆ ಚಿವುಟುವ ತಜಂಕಿನಲ್ಲೇ
ಹಳದಿಯವು ಮೊಟ್ಟೆಯಿಡುತ್ತವೆ, ರವೆಯ ಕಾಳಿಗಿಂತ ಸಣ್ಣದು.
ಎಕ್ಕದ ಹಾಲುಂಡವನು ಎಷ್ಟು ಕಹಿಯೆಂದರೆ
ಹಕ್ಕಿ ಒಮ್ಮೆ ಕಚ್ಚಿದರೆ ಮತ್ತೆ ಸುದ್ದಿಗೆ ಬರುವುದಿಲ್ಲ.
ಒಂದೊಂದಕ್ಕೂ ತನ್ನದೇ ಸೊಪ್ಪು;
ಸಿಗದಿದ್ದರೆ ಉಪವಾಸ ಸಾಯುತ್ತದೆ,
ಬೇರೆಯವರ ಎಲೆಗೆ ಬಾಯಿ ಹಾಕುವುದಿಲ್ಲ.
ಇಷ್ಟು ಮಡಿ ಉಡುಪಿಯಲ್ಲೂ ಇಲ್ಲ ಮಾರಾಯ್ತಿ.

ಈಶ್ವರಬಳ್ಳಿಯ ವಿಷ ಉಂಡು ಬೆಳೆದವಳೊಬ್ಬಳು,
ಕಪ್ಪು ಸೀರೆ, ಕೆಂಪು ಚುಕ್ಕೆ.
ಅದೇ ಸೀರೆ ಉಟ್ಟು ತಿರುಗುವ ಇನ್ನೊಬ್ಬಳು
ಕರಿಬೇವಿನ ಮನೆಯವಳು;
ತೊಟ್ಟು ವಿಷವಿಲ್ಲ, ಬಣ್ಣ ಮಾತ್ರ.
ಹಕ್ಕಿಗಳು ಮೋಸಹೋಗುತ್ತವೆ, ಎಂದಳು ಸಫ್ರೀನಾ.
ನಾನು ಏನೂ ಹೇಳಲಿಲ್ಲ.
ಬೆಳಗಿನ ನಾಲ್ಕಕ್ಕೆ ದಕ್ಕೆಯ ಏಲಮಿನಲ್ಲಿ
ಗಂಡಸರ ನಡುವೆ ನಿಂತು ನಾನು ಬೈಯುವ ಬೈಗುಳ ನೆನಪಾಯಿತು.

ಕೆಸರಿಗೆ, ಬೆವರಿಗೆ, ಮೀನು ತೊಳೆದ ನೀರಿಗೆ ಇಳಿಯುವುದು
ಹೆಚ್ಚಾಗಿ ಗಂಡೇ ಅಂತೆ.
ಉಪ್ಪು ಹೀರಿ ಒಳಗೇ ಇಟ್ಟುಕೊಂಡು
ಹೆಣ್ಣಿಗೆ ಕೊಡುವುದಂತೆ, ಮೊಟ್ಟೆಗೆ ಬೇಕೆಂದು.
ನಮ್ಮವರು ಹತ್ತು ದಿನದ ಬೋಟಿನಿಂದ ಇಳಿದು ಬಂದು
ಬಾಗಿಲಲ್ಲಿ ನಿಲ್ಲುವಾಗ ಮುಂಗೈ ಮೇಲೆ ಬೆಳ್ಳನೆ ಪೊರೆ.
ಮೊದಲು ಸ್ನಾನ, ಎನ್ನುತ್ತೇನೆ ಪ್ರತಿ ಸಲ.
ಈ ಸಲ
ಸ್ವಲ್ಪ ತಡೆದು ಹೇಳಿದೆ.

ಸಫ್ರೀನಾಳ ಪುಸ್ತಕದಲ್ಲೀಗ ನಲವತ್ತೇಳು ಹೆಸರು.
ನನ್ನದರಲ್ಲಿ ಎಂದಿನ ಲೆಕ್ಕ:
ಬಂಗುಡೆ, ರೋಜ್ಮೇರಿ ಬಾಯಿ, ನೂರಿಪ್ಪತ್ತು.
ಬೂತಾಯಿ, ಪೋಸ್ಟಿನವರು, ಅರುವತ್ತು, ಬಂತು.
ಡೆಂಜಿ ಒಂದು, ರಾಜನಿಗೆ,
ಬಾಕಿ.