ಹನ್ನೆರಡನೆಯ ಫ್ರೇಮು

ವಾಲ್ಪರೈಸೊ ಗುಡ್ಡ, ಲಾಂಡ್ರಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ತಿರುಗಿದರೆ ಮೇಲೆ ಗೆರೆ ನಡುಗುತ್ತಿತ್ತು.
ಯಾಸ್ನಾ ಬರೆದಳು ಬೀದಿನಾಯಿಯೊಂದನ್ನು.
ಕೋಟುಗಳ ಬೀರುವಿನೊಳಗೆ ಕೂತು
ದನಿ ಕೊಟ್ಟ ನಿಬಾಲ್ಡೊ:
ಹಗಲು ಬಂದರಿನ ಕ್ರೇನು, ರಾತ್ರಿ ಬೊಗಳು.

ಮುದಿ ಕಂಪ್ಯೂಟರು ಹನ್ನೆರಡಕ್ಕೊಂದು ಫ್ರೇಮು ನುಂಗಿ
ನಾಯಿ ಕುಂಟಿತು.
ರಿಪೇರಿಗೆ ದುಡ್ಡಿಲ್ಲ; ಕುಂಟಲಿ ಬಿಡು, ಎಂದರು.

ಮೊದಲ ಕಂತು ನೆಟ್ಟಿನಲ್ಲಿ ಓಡಿದ್ದು ಹದಿನೇಳು ಸಲ,
ಹನ್ನೊಂದು ಲಾಂಡ್ರಿಯವಳೇ.
ಒಂಬತ್ತನೆಯದಕ್ಕೆ ಲೆಕ್ಕ ತಪ್ಪಿತು.
ಎಲ್ಲೋ ಮಕ್ಕಳು ಕಾಲೆಳೆಯುತ್ತ ಶಾಲೆಗೆ ನಡೆದರಂತೆ.

ದೊಡ್ಡ ಕಂಪನಿಯವರು ಬಂದು, ಕಾಫಿ ಕುಡಿದು,
ನಾಯಿ ನಮಗೆ ಕೊಡಿ ಎಂದರು.
ಯಾಸ್ನಾ ಲೋಟ ತೊಳೆದಿಟ್ಟಳು, ಅಷ್ಟೆ.

ಈಗ ಹದಿನಾಲ್ಕು ಜನ, ಹೊಸ ಯಂತ್ರ,
ಒಂದು ಫ್ರೇಮೂ ಬೀಳುವುದಿಲ್ಲ.
ಎಲ್ಲರೂ ಹೋದ ಮೇಲೆ ಅವಳು ಎಣಿಸುತ್ತಾಳೆ
ಹತ್ತು, ಹನ್ನೊಂದು,
ಹನ್ನೆರಡನೆಯದನ್ನು ಕೈಯಾರೆ ಅಳಿಸುತ್ತಾಳೆ.