ಗುಹ್ಯದ ಹೊಳೆದಂಡೆಯಲ್ಲಿ ಒಂದು ಗುಂಡಿ

ಕಾವೇರಿ ಎಂದೋ ಬಿಟ್ಟುಹೋದ ಮೆಟ್ಟಿಲ ಮೇಲೆ
ಆಳುದ್ದ ತೋಡಿದ ಕರ್ಪ. ಹಾರೆ ಎಲ್ಲೂ ಠಣ್ ಎನ್ನಲಿಲ್ಲ.

ನಮೂನೆಯ ಹಾಳೆ ಹಿಡಿದು ನಾನು ಇಳಿದೆ.
ಬಣ್ಣ: ಒಣಗಿದ ಬಾಳೆಪಟ್ಟೆಯದು.
ನೀರು ಚಿಮುಕಿಸಿ ಅದುಮಿದರೆ
ಉಂಡೆ ಕಟ್ಟಲಿಲ್ಲ,
ಬೆರಳ ಗೆರೆಯನ್ನೂ ಇಟ್ಟುಕೊಳ್ಳಲಿಲ್ಲ.
ಅಂಗೈಯಲ್ಲಿ ನಾಲ್ಕಾರು ಚೂರು ಕಾಗೆಬಂಗಾರ.

ತಂಬಿಗೆ ನೀರು ಸುರಿದೆ. ಗಡಿಯಾರ ನೋಡುವಷ್ಟರಲ್ಲಿ ಇಲ್ಲ.
"ಇದಕ್ಕೆ ಬಾಯಿ ಅಷ್ಟೇ ಸಾರ್, ಹೊಟ್ಟೆ ಇಲ್ಲ"
ಎಂದಳು ಮೇಲಿಂದ ಬೀಫಾತುಮ್ಮ,
ಸಿಹಿಗೆಣಸಿನ ಬಳ್ಳಿಗೆ ದಿನಕ್ಕೆ ಮೂರು ಸಲ ಹೊಳೆ ಹೊರುವವಳು.
"ಗೊಬ್ಬರ ಹಾಕಿದರೆ ಹೊಳೆಗೇ ಹಾಕಿದ ಹಾಗೆ.
ಆದರೆ ಕೀಳಲು ಗುದ್ದಲಿ ಬೇಡ. ಬಳ್ಳಿ ಜಗ್ಗಿದರೆ ಸಾಕು,
ಮೀಯಿಸಿದ ಮಗುವಿನ ಹಾಗೆ ಬರ್ತದೆ."

ಎದೆಮಟ್ಟದಲ್ಲಿ ಒಂದು ಕಪ್ಪು ಗೆರೆ,
ದಾರದಷ್ಟು ಸಪೂರ.
ಯಾವುದೋ ನೆರೆ ಕೆಸರು ಹಾಸಿ ಹೋದದ್ದು.
ಅಲ್ಲಿ ಮಾತ್ರ ಬೇರುಗಳು ಅಡ್ಡಡ್ಡ ಹರಿದಿದ್ದವು;
ಇಡೀ ಗೋಡೆಯಲ್ಲಿ ತಂಪಿದ್ದದ್ದು ಅದೊಂದೇ.
ಕರ್ಪ ಉಗುರು ತಾಗಿಸಿ ಕೈ ತೆಗೆದ.
ಅವನ ಅಜ್ಜಿ ಹೇಳುತ್ತಿದ್ದ ನೆರೆಯೇ ಇರಬೇಕು,
ಇಲ್ಲವೇ ಆ ನೆರೆಯ ಅಜ್ಜಿ.

ಕೊನೆಗೆ ಒಂದು ಕಲಂ ಬಾಕಿ:
ತಳದ ಕಲ್ಲು ಎಷ್ಟು ಅಡಿಗೆ?
'ಸಿಗಲಿಲ್ಲ' ಎಂದು ಬರೆಯುತ್ತಿದ್ದೆ.
ಪಕ್ಕದ ಗೋಡೆ ಸದ್ದಿಲ್ಲದೆ ಜಾರಿ
ನನ್ನ ಪಾದ ಮುಚ್ಚಿತು.